ಬೆಳಕಿರುವಾಗಲೇ ಹೊರಟ ಗೂಬೆ

ಗೂಬೆಯ ಪರವಾಗಿ ವಕಾಲತ್ತು ವಹಿಸುವ ಯೋಗ ಕಾತ್ಯಾಯಿನಿಯ ಜಾತಕದಲ್ಲಿ ಯಾರಿಗೂ ಕಂಡಿರಲಿಲ್ಲ. ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿಗೆ ಆಕೆ ಸೆಕ್ರೆಟರಿ. ಮೇಲಿನ ನೀರಿನ ಟ್ಯಾಂಕಿನ ಸಂದಿಯಲ್ಲಿ ಕಣಜ ಗೂಬೆಯೊಂದು ಮರಿ ಮಾಡಿತ್ತು. ಪಕ್ಕದ ಸಾರಕ್ಕಿ ಮಾರ್ಕೆಟ್ಟಿನ ತರಕಾರಿಯವರು ರಾತ್ರಿ ಗಾಡಿಗಳಿಗೆ ಟಾರ್ಪಾಲು ಹೊದಿಸಿ ಹೊರಟ ಮೇಲೆ ಕೊಳೆತ ಎಲೆಕೋಸಿಗೆ ಇಲಿಗಳು ಇಳಿಯುತ್ತಿದ್ದವು; ಅವು ಇಳಿದ ಮೇಲೆ ಗೂಬೆ ಏಳುತ್ತಿತ್ತು. ಅದಕ್ಕೂ ಮೊದಲೇ ಎದ್ದು ಸುಮ್ಮನೆ ರೆಕ್ಕೆ ಸವೆಸುವ ಹಕ್ಕಿಯಲ್ಲ ಅದು. ಗಂಡ ಹೋದ ಮೇಲೆ, ಇಂಥ ಹೊತ್ತಿಗೆ ಬಂದೇ ಬರುತ್ತದೆಂದು ಆಕೆ ಕಿಟಕಿಯಲ್ಲಿ ಕಾಯಬಹುದಾದ ಜೀವ ಅದೊಂದೇ.

ಪ್ರೆಸಿಡೆಂಟ್ ಸಂಜೀವಯ್ಯನವರ ಮಗಳ ಮದುವೆ ಗೊತ್ತಾಗಿತ್ತು. ಮೀಟಿಂಗಿನಲ್ಲಿ ಮಾತು ತೆಗೆದರು.

"ಬೀಗರು ಬರ್ತಾರೆ ಮೇಡಂ. ತಲೆ ಮೇಲೆ ಗೂಬೆ ಕೂತಿದ್ರೆ ಏನಂದ್ಕೋತಾರೆ? ನಾಳೆನೇ ಗೂಡು ಕೀಳಿಸ್ತೀನಿ."

"ಅದು ಲಕ್ಷ್ಮೀ ವಾಹನ ಸಾರ್."

"ಲಕ್ಷ್ಮಿ ಬರ್ಲಿ, ಬೇಡ ಅಂದೋರ್ಯಾರು? ಗಾಡಿ ಹೊರಗಡೆ ಪಾರ್ಕ್ ಮಾಡ್ಲಿ."

ಎಲ್ಲರೂ ನಕ್ಕರು. ಕಾತ್ಯಾಯಿನಿ ಜಾಣತನಕ್ಕೆ ಕೈಹಾಕಿದಳು.

"ಅದು ಬಂದಿರೋದೇ ಇಲಿಗೆ ಸಾರ್. ಇಲಿ ಕಮ್ಮಿ ಮಾಡಿ, ಮರಿ ಹಾರಿದ್ಮೇಲೆ ಅದೇ ಹೋಗುತ್ತೆ. ಗೂಡು ಮಾತ್ರ ಮುಟ್ಬೇಡಿ."

ಒಪ್ಪಿಗೆಯಾಯಿತು. ಕಾಂಪೌಂಡಿನುದ್ದಕ್ಕೂ ಇಲಿ ಪಾಷಾಣ ಬಿತ್ತು. ಗೂಡು ಉಳಿಯಿತೆಂದು ಆಕೆ ಅಂದು ತನ್ನೊಬ್ಬಳಿಗಾಗಿಯೇ ಪಾಯಸ ಮಾಡಿಕೊಂಡಳು.

ಆ ವಾರದಲ್ಲೇ ಒಂದು ಸಂಜೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ, ಗೂಬೆ ಹೊರಬಿತ್ತು.

"ಏನಮ್ಮಾ, ಇವತ್ತು ಇಷ್ಟು ಬೇಗ?" ಎಂದು ಸಲುಗೆಯಿಂದ ಕೇಳಿ ಕೆಳಗೆ ನೋಡಿದಳು. ಪಾರ್ಕಿಂಗಿನ ನಟ್ಟನಡುವೆ ಇಲಿಯೊಂದು ಕುಡಿದವರಂತೆ ತೂರಾಡುತ್ತಿತ್ತು. ಪಾಷಾಣ ತಿಂದ ಇಲಿಗೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಗೂಬೆಯಾದರೋ ಇಲಿಯನ್ನು ನೋಡಿಯೇ ಹೊತ್ತು ತಿಳಿಯುವಂಥದ್ದು.

"ಹುಶ್! ಬೇಡ, ಮುಟ್ಬೇಡ ಅದನ್ನ!" ಪೊರಕೆ ಬೀಸಿದಳು, ತಟ್ಟೆ ಬಡಿದಳು. ಆಕೆಯನ್ನು ಕಂಡು ಹೆದರುವುದನ್ನು ಎಂದೋ ಬಿಟ್ಟಿದ್ದ ಹಕ್ಕಿ ಒಮ್ಮೆ ತಿರುಗಿ ನೋಡಿ, ಇಲಿಯನ್ನೆತ್ತಿಕೊಂಡು ಮರಿಗಳ ಬಳಿಗೆ ಹೋಯಿತು.

ಮರಿಗಳ ಬುಸುಗುಟ್ಟುವಿಕೆ ದಿನದಿನಕ್ಕೆ ಕುಗ್ಗಿ ಒಂದು ಬೆಳಿಗ್ಗೆ ನಿಂತೇಹೋಯಿತು. ಸಂಜೀವಯ್ಯನವರು ಏಣಿ ಹಿಡಿದರು. ಆಕೆ ಹತ್ತಿ, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಇಳಿದಳು.

"ಮರಿಗಳಾ ಮೇಡಂ?"

"ತಾಯೀನೂ ಇದೆ ಸಾರ್."

ಅವರು ಚಪ್ಪಲಿ ಕಳಚಿ ನಿಂತರು. "ಛೆ. ನಾನು ಅವತ್ತೇ ಗೂಡು ಕಿತ್ತಿದ್ರೆ ತಾಯಿಯೊಂದಾದ್ರೂ ಉಳ್ಕೊಳ್ತಿತ್ತು."

ಅದು ಚುಚ್ಚುಮಾತಾಗಿರಲಿಲ್ಲ.