ಅಬ್ಬಾ ಎಲ್ಲಿಗೆ ಹಾರುತ್ತಾನೆ?

ರಕ್ತ ಬೇಕಾಗಿದೆ ಎಂದು ಯಾರಾದರೂ ಕೇಳಿಕೊಂಡು ಬಂದರೆ ಸಾಕು, ಮೀರಜಿನ ನಮ್ಮ ಓಣಿಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತದೆ. ಒಬ್ಬನ ಅಂಟು ಒಲೆಯ ಮೇಲೆ ಕುದಿಯುತ್ತಿರುತ್ತದೆ. ಇನ್ನೊಬ್ಬನ ತಂಬೂರಿಗೆ ಬಣ್ಣ ಹಚ್ಚುವುದು ಅರ್ಧಕ್ಕೆ ನಿಂತಿರುತ್ತದೆ. ಮೂರನೆಯವನಿಗೆ ಬೆಳಗಿನಿಂದ ತಲೆ ತಿರುಗುತ್ತಿರುತ್ತದೆ. ಪಾಪ, ಬಂದವರು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ತಂಬೂರಿ ಮಾಡುವವರ ಓಣಿ ಇದು. ನಾನು ಕುಲ್ಸುಮ್, ಇಲ್ಲಿ ತಂತಿ ಮಾರುವವಳು. ನನ್ನ ಅಂಗಡಿಯ ಎದುರಿಗೇ ಇಲಾಹಿಯ ಮನೆ. ಅವನು, ಅವನ ತಾಯಿ ಹಾಜ್ರಾಬಿ, ಒಂಬತ್ತು ವರ್ಷದ ಮಗಳು ತಹಸೀನ. ತಹಸೀನಳಿಗೆ ಅಪ್ಪ ಅಬ್ಬಾ, ಅಜ್ಜಿ ದಾದಿ, ಈಗಿಲ್ಲದ ಅಜ್ಜ ದಾದಾ, ನಾನು ಖಾಲಾ. ಈ ಕಥೆ ನಡೆದ ವಾರ ಇಲಾಹಿಯ ಹೆಂಡತಿ ತಂಗಿಯ ಮದುವೆಗೆಂದು ತವರಿಗೆ ಹೋಗಿದ್ದಳು. ತಹಸೀನ ಶಾಲೆಯಿಂದ ಬಂದವಳೇ ನನ್ನ ಅಂಗಡಿಯ ಕಟ್ಟೆ ಹತ್ತುತ್ತಾಳೆ. ಅವಳ ಅರ್ಧ ಮಾತು ಎಚ್ಚರದ್ದು, ಅರ್ಧ ಕನಸಿನದು.

"ಖಾಲಾ, ಒಂದ ಗುಟ್ಟು ಹೇಳತೀನಿ. ಯಾರಿಗೂ ಹೇಳಬ್ಯಾಡ."

"ನಾ ಯಾರಿಗೆ ಹೇಳಲಿ? ಹೇಳವಾ."

"ನಮ್ಮ ಅಬ್ಬಾಗ ಹಾರಾಕ ಬರತೈತಿ."

ನಗು ತಡೆದುಕೊಂಡೆ. ಅವಳ ಬಳಿ ಸಾಕ್ಷಿಗಳಿದ್ದವು. ಮೂರು ನಾಲ್ಕು ತಿಂಗಳಿಗೊಮ್ಮೆ ಅಬ್ಬಾನಿಗೆ ಒಂದು ಫೋನು ಬರುತ್ತದೆ. ಕೂಡಲೇ ಉಳಿ ಕೆಳಗಿಟ್ಟು ಎದ್ದುಬಿಡುತ್ತಾನೆ. "ತಂಬೂರಿಗೆ ಸೋರೆಬುರುಡೆ ನೋಡಾಕ ಹೊಂಟೀನಿ" ಅನ್ನುತ್ತಾನೆ. ಆದರೆ ಬರುವಾಗ ಒಂದು ಬುರುಡೆಯೂ ಇರುವುದಿಲ್ಲ. ಜೇಬಿನಲ್ಲಿ ಬಿಸ್ಕೀಟಿನ ಪೊಟ್ಟಣ ಇರುತ್ತದೆ, ಮೊಣಕೈಯ ಒಳಮಗ್ಗುಲಲ್ಲಿ ಒಂದು ಸಣ್ಣ ಬಿಳಿ ಪಟ್ಟಿ ಇರುತ್ತದೆ, ಮುಖದಲ್ಲಿ ಯಾರಿಗೂ ಹೇಳದ ನಗು ಇರುತ್ತದೆ.

"ಟೀವಿಯಾಗ ಹಾರೋ ಮಂದೀನೂ ಮನ್ಯಾಗ ಏನೂ ಹೇಳೂದಿಲ್ಲ, ಖಾಲಾ. ಯಾರೋ ಕಷ್ಟದಾಗ ಇದ್ರ ಫೋನ್ ಬರತೈತಿ, ಹೋಗತಾರ. ಆ ಪಟ್ಟಿ ಐತಲ್ಲ, ಅಲ್ಲಿಂದ ರೆಕ್ಕಿ ಬರತಾವು."

"ಹಂಗಿದ್ರ ದಾದಿಗೆ ಯಾಕ ಹೇಳವಲ್ಲಿ?"

"ದಾದಿ ಬೈತಾಳ. ಬಿದ್ರ ಕೈ ಮುರೀತೈತಿ ಅಂತಾಳ."

ಒಂದು ಶುಕ್ರವಾರ ಮುಂಜಾನೆ ಫೋನು ಬಂತು. ಶಾಲೆಗೆ ಸೂಟಿ ಇತ್ತು. ಸಾಂಗ್ಲಿಗೆ ಒಯ್ಯಬೇಕಾದ ಆರು ತಂಬೂರಿಗಳು ಟೆಂಪೋದಲ್ಲಿ ಸಿದ್ಧವಾಗಿದ್ದವು. ಇಲಾಹಿ ಅದೇ ಬುರುಡೆಯ ಮಾತು ಹೇಳಿ ಚಾಲಕನ ಪಕ್ಕ ಹತ್ತಿ ಕೂತ. ತಹಸೀನ ಹಿಂದಿನಿಂದ ಮೆಲ್ಲಗೆ ಹತ್ತಿ, ತಂಬೂರಿಗಳಿಗೆ ಹೊದಿಸಿದ್ದ ಕೌದಿಯೊಳಗೆ ಸೇರಿಕೊಂಡಳು. ನಾನು ಆಗ ಗಿರಾಕಿಗೆ ತಂತಿ ಅಳೆಯುತ್ತಿದ್ದೆ, ನೋಡಲಿಲ್ಲ.

ಆಮೇಲೆ ಅವಳು ನನಗೆ ಹೇಳಿದ್ದು ಇದು. ಟೆಂಪೋ ಹೊರಟದ್ದೇ ತಡ, ತಂಬೂರಿಗಳು ಯಾರೂ ಮುಟ್ಟದೆ ತಾವೇ ಗುಂಯ್ ಅನ್ನತೊಡಗಿದವು. ರಸ್ತೆಯ ಕುಣಿಗೊಂದು ಸ್ವರ, ತಿರುವಿಗೊಂದು ಸ್ವರ. ಹಳೆಯ ಕೌದಿಯ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬುರುಡೆಗಳ ಮೇಲೆ ಬಿದ್ದು ಓಡಾಡುತ್ತಿತ್ತು. ಒಂದು ಬುರುಡೆಗೆ ಕಿವಿಯಿಟ್ಟು ಮಲಗಿದರೆ ಕೆಳಗೆ ನೆಲವೇ ಇಲ್ಲ ಅನ್ನಿಸಿತಂತೆ. ಕಬ್ಬಿನ ಗದ್ದೆಗಳ ಮೇಲೆ, ಕೃಷ್ಣಾ ಹೊಳೆಯ ಮೇಲೆ ತೇಲುತ್ತ ಹೋಗುತ್ತಿದ್ದೇನೆ, ಮುಂದೆ ಅಬ್ಬಾ ಹಾರುತ್ತಿದ್ದಾನೆ ಅಂದುಕೊಂಡಳು. ಆ ಅರ್ಧ ತಾಸಿನಷ್ಟು ಸುಖ ತನಗೆ ಯಾವತ್ತೂ ಆಗಿರಲಿಲ್ಲ ಅಂದಳು.

ಟೆಂಪೋ ನಿಂತಿತು. ಅದು ಸಾಂಗ್ಲಿಯ ದೊಡ್ಡ ಆಸ್ಪತ್ರೆ.

ಕೌದಿ ಸರಿಸಿ ಇಳಿದ ಮಗಳನ್ನು ಕಂಡು ಇಲಾಹಿ ಬೆಚ್ಚಿಬಿದ್ದ. ಬೈಯಲು ಸಮಯವಿರಲಿಲ್ಲ. ಕೈ ಹಿಡಿದು ಒಳಗೆ ಕರೆದೊಯ್ದ. ರಕ್ತ ಪಡೆಯುವ ಕೋಣೆಯಲ್ಲಿ ಮಂದಾಬಾಯಿ ಎಂಬ ನರ್ಸು ಅವನ ರಕ್ತದ ಒತ್ತಡ, ತೂಕ ನೋಡತೊಡಗಿದಳು. ಮಗಳ ಕೈಯಲ್ಲಿ ತನ್ನ ಫೋನು ಕೊಟ್ಟು, "ಇಲ್ಲೇ ಕೂಡು, ಅಳಗಾಡಬ್ಯಾಡ" ಅಂದ.

ಆಗಲೇ ಹಾಜ್ರಾಬಿ ಮನೆಯಿಂದ ಫೋನು ಮಾಡಿದಳು, ಮೊಮ್ಮಗಳು ಕಾಣಿಸುತ್ತಿಲ್ಲ ಎಂದು ಹೇಳಲು. ತಹಸೀನ ಎತ್ತಿದಳು.

"ದಾದಿ, ನಾ ಸಾಂಗ್ಲಿ ದೊಡ್ಡ ಆಸ್ಪತ್ರ್ಯಾಗ ಅದೀನಿ. ಅಬ್ಬಾನ ಮಲಗಿಸಿ ರಕ್ತ ತಗೀತಾರಂತ."

ಹಾಜ್ರಾಬಿಯ ಕೂಗಿಗೆ ಓಣಿಯೇ ಹೊರಗೆ ಬಂತು. ನಾನು ಅಂಗಡಿ ಮುಚ್ಚಿ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಎರಡು ದಿನ ನೋವಿತ್ತು.

ಕೋಣೆಗೆ ನುಗ್ಗಿದಾಗ ತಪಾಸಣೆಗಳು ಮುಗಿದು ಇಲಾಹಿ ಆಗಷ್ಟೇ ಮಂಚದ ಮೇಲೆ ಮಲಗಿದ್ದ, ಸೂಜಿ ಇನ್ನೂ ಚುಚ್ಚಿರಲಿಲ್ಲ. ಹಾಜ್ರಾಬಿ ಸೀದಾ ಹೋಗಿ ಮಗನ ಬಲಗೈ ಹಿಡಿದಳು.

"ಏಳು. ಮನೀಗೆ ನಡಿ."

"ಅಮ್ಮಾ, ಒಂದ ಮಾತ ಕೇಳು..."

"ನಿಮ್ಮ ಅಪ್ಪ ಕಾಮಾಲಿ ಆಗಿ ಮಲಗಿದಾಗ ದಿನಾ ರಕ್ತ ತಗದ್ರು. ಎದ್ದ ಬಂದ ಮ್ಯಾಲೆ ಅವನ ಕೈ ನಡುಗಾಕ ಹತ್ತಿತು. ಜವಾರಿ ಮಾಡೂದು ಅವತ್ತಿಗೇ ಮುಗೀತು. ಮತ್ತ ನೀನೂ ಕೈ ಕಳಕೊಂಡ ಕೂಡತೀಯೇನು?"

ತಂತಿ ಕೂರುವ ಮಣೆಯನ್ನು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ತಂಬೂರಿಯ ದನಿ ಬಿಡಿಸುವ ಕೆಲಸಕ್ಕೆ ನಾವು ಜವಾರಿ ಅನ್ನುತ್ತೇವೆ. ಕೈ ಒಂದಿಷ್ಟು ಅಲುಗಿದರೂ ದನಿ ಸತ್ತುಹೋಗುತ್ತದೆ. ಹಾಜ್ರಾಬಿಯ ಭಯ ಸುಳ್ಳಲ್ಲ, ಅವಳು ಕಣ್ಣಾರೆ ಕಂಡಿದ್ದಳು. ಇಲಾಹಿ ತಾಯಿಯ ಮಾತು ಮೀರಿದವನಲ್ಲ. ಮಂಚದಿಂದ ಕಾಲು ಕೆಳಗಿಟ್ಟ.

ಬಾಗಿಲಲ್ಲಿ ಜತ್ತ ಊರಿನ ಕಡೆಯ ಒಬ್ಬ ಮುದುಕಿ ನಿಂತಿದ್ದಳು. ಮಗಳನ್ನು ಹೆರಿಗೆಗೆ ಕರೆತಂದವಳು. ಸೆರಗು ಹಿಡಿದು ನೋಡುತ್ತ ನಿಂತಳು, ಅಷ್ಟೇ.

ಮಂದಾಬಾಯಿ ಮೆಲ್ಲಗೆ ಹೇಳಿದಳು. "ಅಮ್ಮಾ, ನಿಮ್ಮ ಮಗನ ರಕ್ತ ಬಾಂಬೆ ಅನ್ನೋ ಅಪರೂಪದ ಗುಂಪಿಂದು. ಹತ್ತು ಸಾವಿರ ಮಂದ್ಯಾಗ ಒಬ್ರಿಗೆ ಇರತೈತಿ. ಮೊದಲ ಸಲಾ ಬಂದಾಗ ನಾವೂ ಓ ಗುಂಪು ಅಂದಕೊಂಡಿದ್ವಿ, ಪೂರಾ ತಪಾಸಣಿ ಮಾಡಿದ ಮ್ಯಾಲೆ ತಿಳೀತು. ಈ ಅಜ್ಜಿ ಮಗಳದೂ ಅದೇ ಗುಂಪು. ಆಕೀಗೆ ಬ್ಯಾರೆ ಯಾರದೂ ಹತ್ತೂದಿಲ್ಲ. ಹೊಟ್ಟಿ ಕೊಯ್ದು ಕೂಸು ತಗೀಬೇಕು. ಒಂದು ಚೀಲ ಕೊಲ್ಹಾಪುರದಿಂದ ಬಂದೈತಿ, ಇನ್ನೊಂದು ಬೇಕು."

"ಬ್ಯಾರೆ ಯಾರನ್ನರ ಕರೀರಿ."

"ನಮ್ಮ ಪಟ್ಟಿಯಾಗ ಐದು ಮಂದಿ ಅದಾರ. ಇಬ್ರು ಹೋದ ತಿಂಗಳ ಕೊಟ್ಟಾರ. ಒಬ್ಬಾತ ದುಬೈಯಾಗ. ಒಬ್ರಿಗೆ ಜ್ವರ. ಐದನೇದವನ ಕೈ ನೀವು ಹಿಡಕೊಂಡೀರಿ."

ಹಾಜ್ರಾಬಿ ಕೈ ಬಿಡಲಿಲ್ಲ. "ಕೊಟ್ಟ ರಕ್ತ ತಿರುಗಿ ಬರತೈತೇನ?"

"ಬರತೈತ್ರಿ. ಮೈಯಾಗ ಐದು ಲೀಟರ್ ಇರತೈತಿ, ನಾವು ತಗಿಯೂದು ಅರ್ಧ ಲೀಟರಿಗಿಂತಾ ಕಡಿಮಿ. ಒಂದೆರಡ ದಿನದಾಗ ನೀರಿನಂಶ ತುಂಬತೈತಿ, ಉಳಿದದ್ದು ಕೆಲವು ವಾರದಾಗ. ನಿಮ್ಮ ಯಜಮಾನ್ರ ಕೈ ನಡುಗಿದ್ದು ಬ್ಯಾನಿಯಿಂದ ಇರಬೇಕು. ತಪಾಸಣಿಗೆ ತಗಿಯೂದು ಒಂದೆರಡ ಚಮಚ, ಅದರಿಂದ ಕೈ ನಡುಗೂದಿಲ್ಲ."

ಲೆಕ್ಕ ಕೇಳಿ ನಂಬುವ ಹೆಂಗಸಲ್ಲ ಹಾಜ್ರಾಬಿ. ನನಗೂ ಅಷ್ಟಕ್ಕಷ್ಟೇ ಅನ್ನಿಸಿತ್ತು. ಆಗ ತಹಸೀನ ದಾದಿಯ ಸೆರಗು ಜಗ್ಗಿದಳು.

"ದಾದಿ, ಗಿಳಿ ಕೆತ್ತಿದ ತಂಬೂರಿ ನೆನಪೈತೇನ? ಅದರ ದನಿ ಕೇಳಿ ನೀ ಅತ್ತಿದ್ದಿ. ದಾದಾನ ಕೈನೇ ತಿರುಗಿ ಬಂದಂಗಾತು ಅಂದಿದ್ದಿ."

"ಹೂಂ. ಅದಕ್ಕೇನೀಗ?"

"ಅದರ ಜವಾರಿ ಮಾಡುವಾಗ ಅಬ್ಬಾನ ಕೈಗೆ ಬಿಳಿ ಪಟ್ಟಿ ಇತ್ತು. ಹಿಂದಿನ ದಿನಾನ ಬಿಸ್ಕೀಟ ತಂದಿದ್ದ. ನಾ ತಿಂದೀನಿ."

ಹಾಜ್ರಾಬಿ ಮಗನ ಕೈಯನ್ನು ತಿರುಗಿಸಿ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಬಾಗಿಲಲ್ಲಿದ್ದ ಮುದುಕಿಯ ಕಡೆ ನೋಡಿದಳು. ಇಬ್ಬರದೂ ಒಂದೇ ವಯಸ್ಸಿರಬೇಕು.

"ಎಷ್ಟ ಸಲಾ ಕೊಟ್ಟಿದ್ದೀ?"

"ಒಂಬತ್ತು ಸಲಾ, ಅಮ್ಮಾ."

"ಒಂಬತ್ತು ಸಲಾ ನನ್ನ ಮುಂದ ಸುಳ್ಳು ಹೇಳಿದೆಲ್ಲೋ, ಬುರುಡೆಪ್ಪಾ!" ಅಂದಳು. ಕಣ್ಣು ತುಂಬಿತ್ತು. "ಮಲಗು. ಆ ಹುಡಿಗೀಗೆ ತಡಾ ಆಗಬಾರದು."

ಹತ್ತು ನಿಮಿಷದಲ್ಲಿ ಮುಗಿಯಿತು. ತಹಸೀನ ಕಣ್ಣು ಮಿಟುಕಿಸದೆ ನೋಡಿದಳು. ರೆಕ್ಕೆ ಬರಲಿಲ್ಲ. ತಂದೆಯ ತೋಳಿನಿಂದ ಒಂದು ಕೆಂಪು ಎಳೆ ಚೀಲಕ್ಕೆ ಇಳಿಯುತ್ತಿತ್ತು. ತಂದೆ ಅವಳ ಕಡೆ ನೋಡಿ ಅದೇ ಹಳೆಯ ನಗು ನಕ್ಕ. ಅವಳಿಗೆ ನಿರಾಸೆಯಾಗಿರಬಹುದು ಅಂದುಕೊಂಡೆ. ಆದರೆ ಅವಳು ತೋಳು ಚಾಚಿ ಮಂದಾಬಾಯಿಯ ಮುಂದೆ ನಿಂತುಬಿಟ್ಟಳು.

"ನಂದೂ ನೋಡ್ರಿ. ನಂದೂ ಅಬ್ಬಾನಂಥದೇ ಇರತೈತಿ."

ಮಗುವಿನ ಹಟಕ್ಕೆ ಸೋತು ಬೆರಳಿನಿಂದ ಒಂದು ಹನಿ ತೆಗೆದು ನೋಡಿದರು. ಬಿ ಗುಂಪು. ಎಲ್ಲೆಲ್ಲೂ ಸಿಗುವಂಥದು. ತಹಸೀನ ಚಾಚಿದ ತೋಳು ಹಿಂದಕ್ಕೆಳೆದುಕೊಂಡಳು. "ಹಂಗಿದ್ರ ನಾ ಬರೇ ಸಾದಾ ಹುಡಿಗೇನ?"

ಮಂದಾಬಾಯಿ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು. "ನೋಡವಾ, ನಿಮ್ಮ ಅಬ್ಬಾನ ರಕ್ತ ಕೇಳಿ ಮೂರ ತಿಂಗಳಿಗೆ ಒಬ್ರು ಬರತಾರ. ನಿನ್ನ ರಕ್ತ ಕೇಳಿ ದಿನಾ ಬರತಾರ. ಇವತ್ತ ಮುಂಜಾನೇನ ಮೂರು ಮಂದಿ ಬಂದಿದ್ರು. ಒಬ್ರಿಗೆ ಸಿಗಲಿಲ್ಲ. ಸಾದಾ ರಕ್ತ ಇದ್ದವರು ಸಾಕಷ್ಟ ಅದಾರ, ಆದ್ರ ಕೊಡಾಕ ಮುಂದ ಬರೂದಿಲ್ಲ."

ಆ ಮಾತು ಹುಡುಗಿಗೆ ಹೇಳಿದ್ದು. ಚುಚ್ಚಿದ್ದು ನನಗೆ.

ರಕ್ತದ ತಪಾಸಣೆ ಮುಗಿದು ಅದು ಆಪರೇಷನ್ ಕೋಣೆಯ ಒಳಗೆ ಹೋಗುವಷ್ಟರಲ್ಲಿ ಮೂರು ತಾಸು ಹಿಡಿಯಿತು. ನಾವು ಯಾರೂ ಮನೆಗೆ ಹೋಗಲಿಲ್ಲ. ಹಾಜ್ರಾಬಿ ಆ ಮುದುಕಿಯ ಪಕ್ಕ ಬೆಂಚಿನ ಮೇಲೆ ಕೂತು, ತಾನು ತಂದಿದ್ದ ಖರ್ಜೂರ ಅವಳ ಕೈಗೂ ಹಾಕಿದಳು. ಮಧ್ಯಾಹ್ನದ ನಮಾಜಿನ ಹೊತ್ತು ದಾಟಿತ್ತು. ಒಳಗಿನಿಂದ ಅಳು ಕೇಳಿಸಿತು. ಹೆಣ್ಣು ಕೂಸು. ತಾಯಿಯೂ ಕ್ಷೇಮ. ಮುದುಕಿ ಇಲಾಹಿಯ ಕಾಲು ಮುಟ್ಟಲು ಬಗ್ಗಿದಳು, ಅವನು ಹಿಂದಕ್ಕೆ ಸರಿದು ಅವಳ ಎರಡೂ ಕೈ ಹಿಡಿದುಕೊಂಡ.

ಹಾಜ್ರಾಬಿ ಸರಸರನೆ ಮಂದಾಬಾಯಿಯ ಬಳಿ ಹೋಗಿ ಕುಪ್ಪಸದ ತೋಳು ಮೇಲಕ್ಕೆ ಮಡಚಿದಳು. "ನಂದೂ ತಗೋರಿ."

"ನಿಮಗ ಎಪ್ಪತ್ತು ದಾಟೇತಿ ಅಮ್ಮಾ, ತಗಿಯಾಕ ಬರೂದಿಲ್ಲ."

"ಹೌದಾ? ಹಂಗಿದ್ರ ಈಕೀದು ತಗೋರಿ. ಕುಲ್ಸುಮ್‌ಗ ನಲವತ್ತಾರು. ಗಟ್ಟಿ ಅದಾಳ, ಮುಂಜಾನೆ ಮೂರು ರೊಟ್ಟಿ ತಿಂದಾಳ, ನಾನೇ ನೋಡೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಡಿ ತೆರೆಯಬೇಕು ಅನ್ನಲು ಬಾಯಿ ತೆರೆದೆ. ತಹಸೀನ ಆಗ ತಂದೆಯನ್ನು ನೋಡಿದ ಹಾಗೆಯೇ ಈಗ ನನ್ನನ್ನು ನೋಡುತ್ತಿದ್ದಳು. ನಾನು ಹೋಗಿ ಮಂಚದ ಮೇಲೆ ಮಲಗಿದೆ. ಸತ್ಯ ಹೇಳುತ್ತೇನೆ, ಹೆದರಿಕೆಯಾಗಿತ್ತು. ತಂತಿ ಸುತ್ತುವಾಗ ದಿನವೂ ಬೆರಳಿಗೆ ಚುಚ್ಚಿಸಿಕೊಳ್ಳುತ್ತೇನಲ್ಲ, ಅದಕ್ಕಿಂತ ಹೆಚ್ಚೇನೂ ನೋಯಲಿಲ್ಲ. ನನ್ನದು ಎ ಗುಂಪು, ಎಲ್ಲರಲ್ಲೂ ಇರುವಂಥದು. ಅದು ಯಾರಿಗೆ ಹೋಯಿತೋ ನನಗೆ ಗೊತ್ತಿಲ್ಲ. ಅವತ್ತು ಸಂಜೆ ಓಣಿಗೆ ಮರಳುವಾಗ ಕಾಲು ನೆಲದ ಮೇಲಿದ್ದರೂ ಮೈ ಹಗುರವಾಗಿತ್ತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮೊದಲು ನಿಮ್ಮ ರಕ್ತದ ಗುಂಪು ಯಾವುದು ಎಂದು ತಿಳಿದುಕೊಳ್ಳಿ. ನಿಮಗೆ ಹದಿನೆಂಟು ತುಂಬಿದೆಯೇ? ತೂಕ ನಲವತ್ತೈದು ಕಿಲೋ ದಾಟಿದೆಯೇ? ಆರೋಗ್ಯವಾಗಿದ್ದೀರಾ? ಹಾಗಾದರೆ ಹತ್ತಿರದ ರಕ್ತನಿಧಿಗೆ ಹೋಗಿ, ಕೊಡಬಹುದೋ ಇಲ್ಲವೋ ಅವರೇ ತಪಾಸಣೆ ಮಾಡಿ ಹೇಳುತ್ತಾರೆ. ಹೋಗುವ ಮುಂಚೆ ಹೊಟ್ಟೆತುಂಬ ಉಣ್ಣಿ, ಕೊಟ್ಟ ಮೇಲೆ ನೀರು ಕುಡಿದು ಸ್ವಲ್ಪ ಹೊತ್ತು ಕೂತಿರಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮನೆಯವರಿಗೆ ಹೇಳಿಯೇ ಹೋಗಿ, ಬುರುಡೆಯ ನೆಪ ಬೇಡ.

ತಹಸೀನ ರಕ್ತ ಕೊಡಬೇಕಾದರೆ ಇನ್ನೂ ಒಂಬತ್ತು ವರ್ಷ ಕಾಯಬೇಕು. ದಿನ ಎಣಿಸುತ್ತಿದ್ದಾಳೆ. ನೀವು ಯಾಕೆ ಕಾಯುತ್ತೀರಿ?