ಯೋರ್ದಾಂಕಾಳ ವಿಳಾಸ

ನಮ್ಮೂರು ಪ್ಲೆವೆನ್‌ನ ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ನಾನೂ ಅಲ್ಲಿ ನನ್ನ ಜೊತೆ ಹೊಲಿಯುತ್ತಿದ್ದ ಯೋರ್ದಾಂಕಾಳೂ ಕಂಪ್ಯೂಟರ್ ನೆಟ್‌ವರ್ಕ್ ತರಬೇತಿಗೆ ಸೇರಿದೆವು. ಒಲೆಯ ಮುಂದೆ ನಿಂತಾಗಲೂ ನಾನು ಸೊನ್ನೆ, ಒಂದುಗಳ ಜೊತೆ ಗುದ್ದಾಡುತ್ತಿದ್ದೆ. ಅವಳೋ ತರಗತಿಯಲ್ಲಿ ಚೀಸ್ ತುಂಬಿದ ಬಾನಿತ್ಸಾ ಮೆಲ್ಲುತ್ತಲೇ ಉತ್ತರ ಹೇಳಿಬಿಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಅವತ್ತು ಪರೀಕ್ಷೆ. ಫೇಲಾದವರು ತರಬೇತಿಯಿಂದಲೇ ಹೊರಗೆ. ಲ್ಯೂಬೆನ್ ಮೇಷ್ಟ್ರು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟರು. ಅದರಲ್ಲಿದ್ದ ಸೊನ್ನೆ, ಒಂದುಗಳನ್ನು ನಮ್ಮ ಮಾಮೂಲಿ ಸಂಖ್ಯೆ ಮಾಡಿ, ಕಂಪ್ಯೂಟರಿನ ವಿಳಾಸದ ಕೊನೆಗೆ ಹಾಕಬೇಕಿತ್ತು. ನನ್ನದು 11001001. ಯೋರ್ದಾಂಕಾಳ ಚೀಟಿಯೂ ಮೇಲುನೋಟಕ್ಕೆ ಹಾಗೆಯೇ ಕಂಡಿತು. ಅವಳ ಪರದೆಯ ಮೇಲಿದ್ದ 202 ಅನ್ನು ನಾನೂ ಒತ್ತಿಬಿಟ್ಟೆ.

‘ಈ ವಿಳಾಸವನ್ನು ಆಗಲೇ ಬೇರೆಯವರು ಬಳಸುತ್ತಿದ್ದಾರೆ’ ಎಂದು ನನ್ನ ಪರದೆಯಲ್ಲಿ ಮೂಡಿತು.

“ಏನಮ್ಮಾ ಪೆಂಕಾ, ಅವಳ ಮನೆ ಬಾಗಿಲಿಗೆ ನಿನ್ನ ಹೆಸರಿನ ಬೋರ್ಡಾ?” ಮೇಷ್ಟ್ರು ನಕ್ಕರು. “ಒಬ್ಬೊಬ್ಬರದ್ದು ಒಂದೊಂದು. ಇನ್ನೂ ಹತ್ತು ನಿಮಿಷ ಇದೆ, ನಿಂದು ನೀನೇ ಹುಡುಕ್ಕೋ.”

ಯೋರ್ದಾಂಕಾ ನನ್ನತ್ತ ಬಾಗಿದಳು. “ಅಯ್ಯೋ ಮಾರಾಯ್ತಿ, ಕೇಳಿದ್ರೆ ಹೇಳ್ಕೊಡ್ತಿರ್ಲಿಲ್ವಾ? ಎಡಗಡೆಯಿಂದ 128, ಆಮೇಲೆ ಅರ್ಧ ಅರ್ಧ ಮಾಡ್ತಾ ಬಾ. ಒಂದು ಇರೋ ಕಡೆ ಮಾತ್ರ ಕೂಡ್ಕೋ.”

ಅವಳ ಮುಖ ನೋಡದೆ ಕೂಡಿದೆ. 128, 64, 8, 1. ಒಟ್ಟು 201. ಒತ್ತಿದೆ, ಸಂಪರ್ಕ ಸಿಕ್ಕಿತು. ಪಾಸಾದೆ.

ಆದರೂ ಬಸ್ಸಿನಲ್ಲಿ ಕೂತಾಗ ಚುಚ್ಚಿತು: ಅದರಲ್ಲೂ ನನ್ನದು ಅವಳದಕ್ಕಿಂತ ಒಂದು ಕಮ್ಮಿಯೇ.