ಹಳದಿ ಗೇಟಿನ ಮನೆಗೆ ದಾರಿ

ಜೋಳ ಸೀಯುತ್ತಿದೆ, ಮೂಗಿಗೆ ಗೊತ್ತಾಗಿದೆ, ಕೈಗೆ ಗೊತ್ತಾಗಿಲ್ಲ, ನೂಬಿಯಾ ಬಾಣಲೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಂತಿದ್ದಾಳೆ, ರೇಡಿಯೊದಲ್ಲಿ ಇವತ್ತು ಜೈಲಿನಿಂದ ಬಿಟ್ಟ ಹುಡುಗರ ಹೆಸರು ಓದುತ್ತಿದ್ದಾರೆ, ತಂಗಿ ಯೆಲ್ಬಾ ರೇಡಿಯೊ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ತನ್ನ ಮಗ ಎವರ್ತ್‌ನ ಹೆಸರು ಬರುತ್ತದೇನೋ ಅಂತ — ಅಕ್ಕಾ, ಜೋಳ ಸೀದೋಯ್ತು ನೋಡೇ — ಸೀಯಲಿ ಬಿಡು, ಸೀದರೆ ಏನಾಯ್ತೀಗ, ವರ್ಷದಿಂದ ನಾಲಿಗೆಗೆ ರುಚಿ ಎಲ್ಲಿದೆ. ಹೋದ ಏಪ್ರಿಲ್‌ನಲ್ಲಿ ಸರ್ಕಾರದವರು ಮುದುಕರ ಪಿಂಚಣಿ ಕತ್ತರಿಸಿದರು, ಹುಡುಗರು ಬೀದಿಗಿಳಿದರು, ಮೇ ತಿಂಗಳು ಅಮ್ಮಂದಿರ ದಿನದ ಮೆರವಣಿಗೆಯ ಮೇಲೆ ಗುಂಡು ಹಾರಿತು, ಜೂನ್‌ನಲ್ಲಿ ರಸ್ತೆಯ ಕಲ್ಲು ಕಿತ್ತು ಎದೆಯೆತ್ತರ ಅಡ್ಡಗೋಡೆ ಕಟ್ಟಿದರು, ಎವರ್ತ್ ಕೂಡ ಕಟ್ಟಿದ, ಅಂಗೈ ಸುಲಿಸಿಕೊಂಡು ಬಂದು ದೊಡ್ಡಮ್ಮಾ ಒಂದು ಲೋಟ ಪಿನೊಲಿಯೊ ಕೊಡು ಅಂದ, ಹುರಿದ ಜೋಳ, ಕೋಕೋ, ತಣ್ಣೀರು, ಮನೆ ಕೆಲಸಕ್ಕೆ ಕರೆದರೆ ಬೆನ್ನುನೋವು ನಿಂಗೆ, ಇದಕ್ಕೆ ಎಲ್ಲಿಂದ ಬಂತೋ ಬೆನ್ನು, ಅವನು ನಗುತ್ತಾನೆ, ಮೂಗಿನ ಮೇಲೆ ಮಣ್ಣು, ಜುಲೈನಲ್ಲಿ — ಜುಲೈ ಬೇಡ — ಬೇಡ ಅಂದರೆ ಅಲ್ಲಿಗೇ ಹೋಗುತ್ತದೆ ಈ ಹಾಳು ಮನಸ್ಸು, ಪಿನೊಲಿಯೊ ಮಾರುವ ಕಟ್ಟೆಯ ಮುಂದೆ ಗುರುತಿಲ್ಲದ ಗಿರಾಕಿ, ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ, ನಮಸ್ಕಾರ ಅಮ್ಮ, ಚೆನ್ನಾಗಿದೆ ನಿಮ್ಮ ಪಿನೊಲಿಯೊ, ಇಲ್ಲಿ ಯೆಲ್ಬಾ ಅವರ ಮನೆ ಎಲ್ಲಿ ಬರುತ್ತೆ, ಹೊಲಿಯೋಕೆ ಬಟ್ಟೆ ಕೊಡಬೇಕಿತ್ತು. ಮನಾಗುವಾದ ಈ ಕೇರಿಯಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ, ಭೂಕಂಪಕ್ಕೆ ಬಿದ್ದುಹೋದ ಟಾಕೀಸಿನಿಂದಲೇ ಇವತ್ತಿಗೂ ದಾರಿ ಎಣಿಸುವುದು, ದಾರಿ ಕೇಳಿದವರನ್ನು ಹೇಳದೆ ಕಳಿಸಿದವರು ಇಲ್ಲಿ ಯಾರೂ ಇಲ್ಲ, ಬಾಯಿ ತಾನಾಗಿ ತೆರೆಯಿತು, ಟಾಕೀಸು ಇದ್ದಲ್ಲಿಂದ ಕೆರೆ ಕಡೆಗೆ ಎರಡು ಬೀದಿ, ಸೂರ್ಯ ಹುಟ್ಟೋ ಕಡೆಗೆ ಅರ್ಧ, ಹಳದಿ ಗೇಟು, ನೀವು ತಪ್ಪೋಕೇ ಸಾಧ್ಯ ಇಲ್ಲ. ತಪ್ಪಲಿಲ್ಲ. ಅವನ ಲೋಟ ತೊಳೆದು ಕವುಚಿಡುವಷ್ಟರಲ್ಲಿ ಪಿಕಪ್ಪು ಗೇಟಿಗೆ ಗುದ್ದಿ ಕೆಡವಿದ ಸದ್ದು, ಎವರ್ತೇ ಬಳಿದಿದ್ದ ಬಣ್ಣ, ಅಮ್ಮನ ಹುಟ್ಟುಹಬ್ಬಕ್ಕೆ ಅಂತ, ಸರ್ಕಾರದ ಕಡೆಯ ಮುಸುಕಿನವರು ಅವನನ್ನು ಬಿದ್ದ ಗೇಟಿನ ಮೇಲೆಯೇ ಎಳೆದುಕೊಂಡು ಹೋದರು.

ಯೆಲ್ಬಾಗೆ ಗೊತ್ತಿಲ್ಲ. ಜೈಲಿಗೆ ಬುತ್ತಿ ಕಟ್ಟುವಾಗೆಲ್ಲ, ಮನೆ ತೋರಿಸಿಕೊಟ್ಟವರ ನಾಲಿಗೆ ಬಿದ್ದುಹೋಗಲಿ ಅನ್ನುತ್ತಾಳೆ, ಹ್ಞೂಂ ಕಣೇ ಅನ್ನುತ್ತಾಳೆ ನೂಬಿಯಾ, ಅನ್ನ ಬೀನ್ಸ್‌ಕಾಳು ಬಡಿಸುತ್ತಾಳೆ, ಅಳು ಬರುವುದಿಲ್ಲ, ಹೆದರಿಕೆಯೂ ಇಲ್ಲ, ಹೇಳಬೇಕು ಅಂತ ಡಿಸೆಂಬರ್‌ನಲ್ಲಿ ಒಮ್ಮೆ ಅಂದುಕೊಂಡಳು, ಸರ್ಕಾರದವರು ಪೇಪರಿನ ಆಫೀಸಿಗೆ ಬೀಗ ಹಾಕಿದ ವಾರ, ಅಷ್ಟರಲ್ಲಿ ಯೆಲ್ಬಾ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಈಗ ರೇಡಿಯೊ ಉರುಳಿದೆ, ಯೆಲ್ಬಾ ಎದ್ದು ನಿಂತಿದ್ದಾಳೆ, ಬಂತು ಕಣೇ ಅಕ್ಕಾ, ನಮ್ಮ ಎವರ್ತ್ ಹೆಸರು ಬಂತು, ಜೋಳದ ಹೊಗೆ, ಫೋನು ಬಡಿದುಕೊಳ್ಳುತ್ತಿದೆ, ಯಾರೋ ಡ್ರೈವರು, ಹುಡುಗನ್ನ ಕರ್ಕೊಂಡು ಬರ್ತಾ ಇದೀನಿ, ಮನೆ ಎಲ್ಲಿ ಅಂತ ಕೇಳ್ತಿದಾನೆ ಕಣೇ, ನನಗೆ ಬಾಯೇ ಬರ್ತಿಲ್ಲ, ನೀನೇ ಹೇಳೇ — ಫೋನು ಕಿವಿಗೆ ತಾಗಿದೆ, ತಣ್ಣಗಿದೆ, ನಮಸ್ಕಾರ ಅಮ್ಮ, ಎಷ್ಟು ಮರ್ಯಾದೆಯ ದನಿ, ಟಾಕೀಸು ಇದ್ದಲ್ಲಿಂದ, ಹ್ಞಾಂ ಹೇಳಿ ಅಮ್ಮ, ಕೆರೆ ಕಡೆಗೆ ಎರಡು, ಸೂರ್ಯ ಹುಟ್ಟೋ ಕಡೆಗೆ ಅರ್ಧ, ಆಮೇಲೆ, ಆಮೇಲೆ ಅಮ್ಮ, ಯೆಲ್ಬಾ ತೋಳು ಹಿಡಿದು ಅಲುಗಿಸುತ್ತಿದ್ದಾಳೆ, ಹೇಳೇ ಅಕ್ಕಾ, ತಪ್ಪೋಕೇ ಸಾಧ್ಯ ಇಲ್ಲ ಅನ್ನೇ, ನಾಲಿಗೆ ಬಾಯಲ್ಲೇ ಇದೆ, ಏಳುತ್ತಿಲ್ಲ, ಹಳದಿ ಗೇಟು, ನೆಲಕ್ಕೆ ಬಿದ್ದ ಹಳದಿ ಗೇಟು, ಹಳದಿ ಗೇಟು